ಕೆಂಪು ಶಾಯಿಯ ಹಾಜರಿ

"ಕೆಂಪು ಶಾಯಿಲೆ ಹೆಸರು ಬರದು, ಸಿಟ್ಟಿನ್ಯಾಗ ಮೂರು ಸಲ ಕೂಗಬ್ಯಾಡ್ರಿ ಅಕ್ಕೋರ. ಹಿಂದ ಈ ಕೋಠ್ಯಾಗ ಒಬ್ಬಾಕಿ ಹಂಗ ಕೂಗಿ ಸವತೀನ ಮಾಟದಾಗ ಕಟ್ಟಿದ್ಲು."

ಕಸಬರಿಗೆ ಹಿಡಿದು ಹೊಸ್ತಿಲಾಚೆಯೇ ನಿಂತಿದ್ದ ಆಯಾ ಹಬೀಬಾಳ ಮಾತಿಗೆ ಹೊಸ ಶಿಕ್ಷಕಿ ಶಿವಬಸಮ್ಮ ನಕ್ಕಳು. "ಶಾಯಿ ಸರ್ಕಾರದ್ದು ಹಬೀಬಾ, ಸುಡುಗಾಡದ್ದಲ್ಲ. ಕೆಂಪು ಶಾಯಿ ಗುಳಿಗಿನ ಕಳಿಸ್ಯಾರ, ನಾ ಏನ್ ಮಾಡ್ಲಿ?"

ನಿಜಾಮನ ರಾಜ್ಯ ಹೋಗಿ ಮೂರು ವರ್ಷವಾಗಿತ್ತು. ಸುರಪುರದ ಹೆಣ್ಣುಮಕ್ಕಳ ಕನ್ನಡ ಶಾಲೆಗೆಂದು ಹೊಸ ಸರ್ಕಾರ ಕೊಟ್ಟದ್ದು ಗುಡ್ಡದ ಬುಡದ ಈ ಪಾಳು ಕೋಠಿ. ಹಗಲಲ್ಲೂ ಕಂದೀಲು ಬೇಡುವ ಕತ್ತಲೆ, ಬಾವಲಿ ಹಿಕ್ಕೆಯ ಘಾಟು, ಕೂಗಿದ್ದನ್ನು ತಡಮಾಡಿ ಹಿಂದಿರುಗಿಸುವ ಗೋಡೆಗಳು. ಕಲಬುರಗಿಯಲ್ಲಿ ತರಬೇತಿ ಮುಗಿಸಿ ಬಂದಿದ್ದ ಅವಳಿಗೆ ಅದೇ ಅರಮನೆ. ಹದಿನಾಲ್ಕು ಹುಡುಗಿಯರ ಹೆಸರನ್ನು ದುಂಡಗೆ, ಕೆಂಪಗೆ ಬರೆದಳು.

ತಬ್ಬಲಿಯಾದ ಅವಳನ್ನು ಸಾಕಿದವಳು ಚಿಕ್ಕಪ್ಪನ ಹೆಂಡತಿ, ಚಿಗವ್ವ ಗೊಲ್ಲಾಳಮ್ಮ. ಚಿಗವ್ವನಿಗೆ ದೇವಾಪುರದಲ್ಲಿ ಹೆಂಡತಿ ಸತ್ತ ತಮ್ಮನಿದ್ದ. ಅವನಿಗೆ ಈ ಹುಡುಗಿಯನ್ನು ಕಟ್ಟಬೇಕು. ನೌಕರಿ ಇರುವತನಕ ಇವಳು ಬಗ್ಗಲಾರಳು. ಚಿಗವ್ವ ಸೆರಗು ಬಿಗಿದು ಮನೆಮನೆಗೆ ಹೋದಳು. "ನಮ್ಮ ಹುಡುಗಿ ಅಂತ ಹೇಳಾಕ ನಾಚಿಕಿ ಆಗ್ತದವ್ವ. ನಿಮ್ಮ ಮಕ್ಕಳ ಹೆಸರು ಕೆಂಪಗ ಬರದು ಹೊಟ್ಟಿ ಕಟ್ಟಾಕತ್ತಾಳ. ನಾಳಿಗಿ ಒಂದಕ್ಕೂ ಬಸಿರು ನಿಲ್ಲಂಗಿಲ್ಲ."

ಹದಿನಾಲ್ಕು ಇದ್ದದ್ದು ಒಂಬತ್ತಾಯಿತು, ನಾಲ್ಕಾಯಿತು. ಸೋಮವಾರ ತನಿಖೆಯ ಸಾಹೇಬರು ಬರುವವರಿದ್ದರು. ಹನ್ನೆರಡು ತಲೆ ಇಲ್ಲದಿದ್ದರೆ ಶಾಲೆಗೆ ಬೀಗ.

"ನನ್ನ ಅನ್ನದಾಗ ಯಾಕ ಮಣ್ಣು ಹಾಕಿದಿ, ಚಿಗವ್ವ?"

ಗೊಲ್ಲಾಳಮ್ಮ ಹಲ್ಲಿಗೆ ಸುಟ್ಟ ತಂಬಾಕಿನ ಮಶೇರಿ ತಿಕ್ಕುತ್ತಲೇ ಅಂದಳು: "ಅನ್ನ ಹಾಕಿದಾಕಿ ನಾನ, ಮಣ್ಣೂ ನಾನ ಹಾಕ್ಬೇಕಲ್ಲ? ದೇವಾಪುರದಾಗ ಹಗೇವು ತುಂಬ ಜ್ವಾಳ ಐತಿ. ಹೋಗಿ ರೊಟ್ಟಿ ಬಡಿ."

ಸೋಮವಾರ ಒಂದು ಹುಡುಗಿಯೂ ಬರಲಿಲ್ಲ. ಖಾಲಿ ಚಾಪೆಗಳ ಮುಂದೆ ಶಿವಬಸಮ್ಮ ಹಾಜರಿ ಪುಸ್ತಕ ಬಿಚ್ಚಿದಳು. ಎಂದೂ ಯಾರಿಗೂ ಕೇಡು ಬಯಸದ ಹುಡುಗಿ. ಆ ದಿನ ಸಿಟ್ಟಿನಲ್ಲಿ ಲೇಖನಿಯನ್ನು ಕೆಂಪು ಶಾಯಿಗೆ ಅದ್ದಿದಳು. ತಾನು ಹೆಸರು ಬರೆದು ಕಟ್ಟುತ್ತೇನಂತೆ. ಕಟ್ಟೇಬಿಡೋಣ. ಎಲ್ಲಕ್ಕೂ ಮೇಲೆ ಬರೆದಳು: ಗೊಲ್ಲಾಳಮ್ಮ.

ಕೂಗಿದಳು. ಗೋಡೆ ಹೆಸರನ್ನು ಹಿಂದಿರುಗಿಸಿತು.

ಮತ್ತೆ ಕೂಗಿದಳು. ಗೋಡೆ ಸುಮ್ಮನಿತ್ತು. ಬಾವಲಿಗಳೂ ಸುಮ್ಮನಾದವು. ಕತ್ತಲೆಯಿಂದ ಸುಟ್ಟ ತಂಬಾಕಿನ ವಾಸನೆ ಬಂತು. ಮಶೇರಿ. ಈಗಷ್ಟೇ ತಿಕ್ಕಿದ ಮಶೇರಿ. ನಿಲ್ಲಿಸಬೇಕೆನಿಸಿತು. ನಾಲಿಗೆ ನಿಲ್ಲಲಿಲ್ಲ.

"ಗೊಲ್ಲಾಳಮ್ಮ!"

ಹಿಂದಿನ ಚಾಪೆಯಿಂದ ಉತ್ತರ ಬಂತು. "ಹಾಜರ್."

ಓಡಿದಳು. ಮನೆಯ ಕಟ್ಟೆಯ ಮೇಲೆ ಚಿಗವ್ವ ಕೂತಿದ್ದಳು. ಬೆರಳು ಬಾಯಲ್ಲೇ. ಕಣ್ಣು ತೆರೆದೇ ಇತ್ತು. ರೆಪ್ಪೆ ಬಡಿಯುತ್ತಿರಲಿಲ್ಲ.

"ಚಿಗವ್ವ!"

"ಹಾಜರ್."

"ನೀರು ಕುಡೀತಿ?"

"ಹಾಜರ್."

ಶಿವಬಸಮ್ಮ ಮರಳಿ ಓಡಿ ಆ ಹೆಸರನ್ನು ಚೂರಿಯಿಂದ ಕೆರೆದಳು. ಹಾಳೆ ಹರಿಯಿತು. ಕೆಳಗಿನ ಹಾಳೆಯಲ್ಲೂ ಅದೇ ಹೆಸರು. ಅದರ ಕೆಳಗೂ.

ಸಾಹೇಬರು ಬಂದರು, ಖಾಲಿ ಕೋಣೆ ನೋಡಿದರು, ಬೀಗ ಜಡಿದು ಹೋದರು. ಹೆಂಡತಿಯನ್ನು ಕಟ್ಟಿದಳೆಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತ ಚಿಕ್ಕಪ್ಪ ಅವಳ ಪೆಟ್ಟಿಗೆಯನ್ನು ಹೊರಗೆಸೆದ. ಹಬೀಬಾ ತನ್ನ ತಟ್ಟಿಯ ಕೋಣೆಯಲ್ಲಿ ಜಾಗ ಕೊಟ್ಟಳು. ಅವಳ ಕೆಲಸವೂ ಹೋಗಿತ್ತು. ಎರಡು ದಿನ ಒಲೆ ಹೊತ್ತಲಿಲ್ಲ.

ಮೂರನೆಯ ದಿನ ಮಟಮಟ ಮಧ್ಯಾಹ್ನ ಮಲಕಮ್ಮ ಬಂದಳು. ಎಲ್ಲರಿಗಿಂತ ಮೊದಲು ಮಗಳನ್ನು ಶಾಲೆ ಬಿಡಿಸಿದವಳು. ಉಡಿಯಲ್ಲಿ ಜೋಳ, ಒಂದು ತೆಂಗಿನಕಾಯಿ.

"ಮೈದುನನ ಹೇಣ್ತಿ, ನನ್ನ ನೆಗೆಣ್ಣಿ ಒಬ್ಬಾಕಿ ಅದಾಳ್ರಿ. ಅಕಿ ಹೆಸರು ಒಂದೀಟು ಕೆಂಪಗ ಬರೀರಿ."

"ನಾ ಸಾಲಿ ಕಲಸಾಕಿ, ಮಲಕಮ್ಮ."

"ಸಾಲಿ ಎಲ್ಲೈತ್ರಿ ಅಕ್ಕೋರ? ನಿಮ್ಮ ಚಿಗವ್ವ ಹೇಳಿದ್ದು ಖರೇನ ಆತಲ್ಲ."

ಅವಳ ಬೆನ್ನ ಹಿಂದೆ, ಬಿಸಿಲಲ್ಲಿ, ಇನ್ನೂ ನಾಲ್ಕು ಹೆಂಗಸರು ನಿಂತಿದ್ದರು. ಎಲ್ಲರೂ ಹುಡುಗಿಯರ ತಾಯಂದಿರೇ. ಹಬೀಬಾ ಮುಖ ತಿರುಗಿಸಿದಳು. ಜೋಳದ ಮೇಲೆ ಶಿವಬಸಮ್ಮನ ಕಣ್ಣು ಬಿತ್ತು.

"ಪೂರ್ತಿ ಹೆಸರು ಹೇಳ್ರಿ," ಎಂದಳು.