ಕಾರಿನಡಿಯ ಗುರುತು

"ನಮ್ಮಪ್ಪ ಮರೆವಿನಿಂದ ಸತ್ರು ಅಂತ ಬರ್ಕೊಂಡುಬಿಟ್ಟಿದ್ದಾರೆ. ಅದೊಂದನ್ನ ನೀವು ತಪ್ಪಿಸ್ಬೇಕು" ಎಂದಳು ಬಂದ ಹೆಂಗಸು. ಕುರ್ಚಿ ತೋರಿಸಿದರೂ ಕೂರಲಿಲ್ಲ.

ಮೂವತ್ತೆಂಟು ವರ್ಷ ಕಾರುಗಳ ತಗಡು ಬಡಿದ ದೊಡ್ಡ ಮೇಸ್ತ್ರಿಯ ಒಬ್ಬಳೇ ಮಗಳು ಅವಳು. ಇಟಲಿಯಲ್ಲಿ ಬೆರಳೆಣಿಕೆಯಷ್ಟೇ ತಯಾರಾಗಿದ್ದ ಹಳೆಯ ರೇಸಿನ ಕಾರೊಂದಕ್ಕೆ ಆತ ಮೂರು ವರ್ಷದಿಂದ ಹೊಸ ಮೈ ಬಡಿಯುತ್ತಿದ್ದ. ಮೊನ್ನೆ ಬೆಳಿಗ್ಗೆ ಅದೇ ಕಾರಿನಡಿ ಎದೆ ಜಜ್ಜಿಹೋಗಿ ಸತ್ತಿದ್ದ. ಕಾರನ್ನು ಹೊರುವ ಸ್ಟ್ಯಾಂಡಿಗೆ, ಅದು ಕುಸಿಯದಂತೆ ಅಡ್ಡ ತೂರಿಸುವ ಪಿನ್ನು ಹಾಕಲು ಮರೆತಿದ್ದನೆಂದು ಪೊಲೀಸರು ಕಡತ ಮುಚ್ಚುವವರಿದ್ದರು.

"ಅಪ್ಪನ ಬಾಯಿ ಕೆಟ್ಟದ್ದು, ಒಪ್ಕೋತೀನಿ. ಆದ್ರೆ ಕಾರನ್ನ ಭುಜದಿಂದ ಮೂರು ಸಲ ಅಲ್ಲಾಡಿಸಿ ನೋಡದೆ ಅವರು ಅಡಿಗೆ ಹೋಗ್ತಿರ್ಲಿಲ್ಲ. ಅವರಿಗಿದ್ದದ್ದು ಕೆಲಸದ ಹೆಸರೊಂದೇ. ಅದೂ ಹೋದ್ರೆ ಇನ್ನೇನು ಉಳೀತು?"

ಅವಳು ಹುಡುಕಿಕೊಂಡು ಬಂದದ್ದು ಕಾಂಪೌಂಡರ್‌ನ ಮಾವನವರನ್ನು. ಅವರು ಕನ್ನಡಕ ಹಾಕಿಕೊಂಡರು. ಅಪಘಾತವಾದ ವಾಹನಗಳನ್ನು ಪರೀಕ್ಷಿಸುವ ವಿಮಾ ಸರ್ವೇಯರ್ ಆಗಿ ನಿವೃತ್ತರಾದವರು. ಪೊಲೀಸರು ಕೈಚೆಲ್ಲಿದ ಎಷ್ಟೋ ಗಂಟುಗಳನ್ನು ಬಿಡಿಸಿದವರು. "ಅಳಿಯಂದ್ರೇ, ಗಾಡಿ ತೆಗೀರಿ. ಇವತ್ತಾದ್ರೂ ಗೋಡೆಗೆ ಮುತ್ತು ಕೊಡದೆ ಹೊರಗೆ ಬರುತ್ತೇನೋ ನೋಡೋಣ" ಎಂದರು.

ಈ ಅಳಿಯ ಔಷಧಿ ಅಂಗಡಿಯ ಕಾಂಪೌಂಡರ್. ಎಲ್ಲರೂ ಅವನನ್ನು ಹಾಗೆಯೇ ಕರೆಯುತ್ತಿದ್ದರು. ಮಾವನ ಗಾಡಿ ಓಡಿಸುವುದು, ಅವರ ಕೊಂಕು ನುಂಗುವುದು, ಹನ್ನೊಂದು ವರ್ಷದಿಂದ ಎರಡೂ ಅವನ ಪಾಲಿಗೇ ಬಂದಿದ್ದವು.

ವರ್ಕ್‌ಶಾಪಿನಲ್ಲಿ ಇನ್‌ಸ್ಪೆಕ್ಟರು ಕಾಯುತ್ತಿದ್ದರು. ಕಾರನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು. ಬಣ್ಣ ಕಾಣದ ಅಲ್ಯೂಮಿನಿಯಂ ಮೈಯಲ್ಲಿ ಒಂದು ಸುಕ್ಕಿರಲಿಲ್ಲ.

"ದೊಡ್ಡ ಮೇಸ್ತ್ರಿ ಬೆಳಿಗ್ಗೆ ಏಳಕ್ಕೆ ಒಬ್ಬರೇ ಬಂದು ಬಾಗಿಲು ತೆಗೆದಿದ್ದಾರೆ. ಸ್ಟ್ಯಾಂಡು ಹಿಂದಿನ ಸಂಜೆನೇ ಹೊಂದಿಸಿಟ್ಟಿದ್ರಂತೆ. ಪಿನ್ನು ಮಾತ್ರ ನೆಲದ ಮೇಲಿತ್ತು. ಎಂಟಕ್ಕೆ ಅವರ ಅಳಿಯ ಬಂದು ನೋಡಿ ನಮಗೆ ಫೋನ್ ಮಾಡಿದ್ರು" ಎಂದರು ಇನ್‌ಸ್ಪೆಕ್ಟರು.

"ಜಾಕಿ ಎಲ್ಲಿತ್ತು?"

"ಆ ಮೂಲೇಲಿ. ಹಿಡಿ ಮಡಚಿಟ್ಟಿತ್ತು."

ಶವಪರೀಕ್ಷೆಯ ವರದಿಯನ್ನು ಕಾಂಪೌಂಡರ್ ಓದಿದ. ಎದೆಯ ಮೇಲೆ ಅಡ್ಡಲಾಗಿ ಎರಡು ಜಜ್ಜುಗಾಯ, ನಡುವೆ ಒಂದು ಬೆರಳಿನ ಅಂತರ. ಕಾರು ಬಿದ್ದು ಪುಟಿದಿರಬೇಕು ಎಂಬುದು ಇನ್‌ಸ್ಪೆಕ್ಟರ ಊಹೆ.

ಆ ವರ್ಕ್‌ಶಾಪಿನಲ್ಲಿ ಇನ್ನು ಕೆಲಸ ಮಾಡುತ್ತಿದ್ದವರು ಮೂವರು. ಮೂವರಿಗೂ ದೊಡ್ಡ ಮೇಸ್ತ್ರಿ ಮೈಯುರಿಯುವಂತೆ ಅಂದವನೇ. ಪೇಂಟರ್ ಬೇರೊಂದು ಕಾರಿಗೆ ಬಳಿದ ಬಣ್ಣವನ್ನು ಎರಡು ಸಲ ಕೆರೆಸಿ ಹಾಕಿದ್ದ. ಎಂಜಿನ್ ಮೆಕ್ಯಾನಿಕ್ಕಿಗೆ "ಹೋಗಿ ಪಂಕ್ಚರ್ ಹಾಕು" ಅಂದಿದ್ದ. ಮಗಳ ಗಂಡನೂ ಹದಿನೈದು ವರ್ಷದ ಶಿಷ್ಯನೂ ಆದ ಚಿಕ್ಕ ಮೇಸ್ತ್ರಿಯ ಪಾಡು ಇವರಿಗಿಂತ ಹೀನ. ಎರಡು ತಿಂಗಳು ಕೂತು ಅವನು ಬಡಿದ ಬಾಗಿಲನ್ನು, ಕಾರಿನ ಯಜಮಾನರ ಎದುರೇ ಕತ್ತರಿಯಿಂದ ತುಂಡು ಮಾಡಿ, "ಮಗಳನ್ನ ಕೊಟ್ಟು ಕೆಟ್ಟೆ, ಇನ್ನು ಬಾಗಿಲನ್ನೂ ಕೊಡ್ಬೇಕಾ?" ಎಂದಿದ್ದ. ಸತ್ತವರನ್ನು ಆಡಿಕೊಳ್ಳಬಾರದು, ನಿಜ. ಆದರೆ ಇದು ಮನುಷ್ಯ ಆಡುವ ಮಾತಲ್ಲ.

"ಇಲ್ಲಿ ಬಟ್ಟೆ ಸೋಪು ಯಾಕಿದೆ?" ಮಾವನವರು ಬೆಂಚಿನ ಕಡೆ ಬೆರಳು ಮಾಡಿದರು.

"ಅಲ್ಯೂಮಿನಿಯಂ ಮೆತ್ತಗೆ ಮಾಡೋಕೆ ಸಾರ್" ಎಂದ ಚಿಕ್ಕ ಮೇಸ್ತ್ರಿ. "ಕಬ್ಬಿಣದ ಥರ ಅದು ಕೆಂಪಗಾಗಲ್ಲ, ಕಾದದ್ದು ಗೊತ್ತಾಗೋ ಹೊತ್ತಿಗೆ ಕರಗಿಹೋಗಿರುತ್ತೆ. ಸೋಪು ಸವರಿ ಉರಿ ಹಿಡಿದ್ರೆ, ಸೋಪು ಕಂದು ಆದಾಗ ನಿಲ್ಲಿಸಿದ್ರಾಯ್ತು."

"ನೀವೂ ಹೀಗೇ ಮಾಡ್ತೀರೇನಪ್ಪಾ?"

ಪೇಂಟರ್ ಮತ್ತು ಮೆಕ್ಯಾನಿಕ್ ಇಲ್ಲವೆಂದು ತಲೆಯಾಡಿಸಿದರು. "ತಗಡಿನ ಸಹವಾಸ ಅವರಿಬ್ಬರದ್ದೇ" ಎಂದ ಮೆಕ್ಯಾನಿಕ್. ಅಷ್ಟರಲ್ಲಿ ಪೇಂಟರ್ ಕಾಲಿಗೆ ತಗುಲಿದ ತಗಡಿನ ಚೂರೊಂದನ್ನು ಕಸದ ಬುಟ್ಟಿಗೆ ಎಸೆದ. ಚಿಕ್ಕ ಮೇಸ್ತ್ರಿ ಮಾತಾಡುತ್ತಲೇ ಬಗ್ಗಿ, ಅದನ್ನೆತ್ತಿ, 'ಅಲ್ಯೂಮಿನಿಯಂ ಮಾತ್ರ' ಎಂದು ಬರೆದ ಡಬ್ಬಕ್ಕೆ ಹಾಕಿದ.

ಮಾವನವರು ಅಂಗಾತ ಮಲಗಿ ಕಾರಿನಡಿ ತೆವಳಿದರು. ಬಹಳ ಹೊತ್ತು ತಗಡಿನ ಮೇಲೆ ಅಂಗೈ ಆಡಿಸಿದರು. ಎದ್ದು ಬಂದು ಅಂಗಿ ಕೊಡವಿಕೊಂಡರು. "ಎಲ್ಲರನ್ನೂ ಕರೀರಿ. ಮಗಳೂ ಇರಲಿ" ಎಂದರು.

ಎಲ್ಲರೂ ಕಾರಿನ ಸುತ್ತ ನಿಂತ ಮೇಲೆ ಅವರು ಶುರುಮಾಡಿದರು. "ಪಿನ್ನಿಲ್ಲದ ಸ್ಟ್ಯಾಂಡು ಕಾರನ್ನ ಒಂದು ಕ್ಷಣವೂ ಹೊರಲ್ಲ. ಜಾಕಿ ಇಳಿಸ್ತಿದ್ದ ಹಾಗೇ ಕುಸೀಬೇಕು. ಆದ್ರೆ ಮೇಸ್ತ್ರಿ ಜಾಕಿ ಇಳಿಸಿ, ಮೂಲೆಗಿಟ್ಟು, ಮೂರು ಸಲ ಅಲ್ಲಾಡಿಸಿ, ಅಡಿಗೆ ಹೋಗಿದ್ದಾರೆ. ಅಂದ್ರೆ ಸ್ಟ್ಯಾಂಡು ಕಾರನ್ನ ಹೊತ್ತಿತ್ತು. ಅದರಲ್ಲಿ ಪಿನ್ನಿತ್ತು. ಆದ್ರೆ ಅದು ಈ ಪಿನ್ನಲ್ಲ."

ಅಲ್ಯೂಮಿನಿಯಂ ಡಬ್ಬವನ್ನು ನೆಲಕ್ಕೆ ಸುರಿದರು. ಚೂರುಗಳ ನಡುವಿನಿಂದ ಸೊಟ್ಟಗಾದ ಒಂದು ಗೇಣುದ್ದದ ಕೊಳವೆ ಎತ್ತಿಕೊಂಡರು. ಅದಕ್ಕೆ ಸ್ಟ್ಯಾಂಡಿನದೇ ಬೂದು ಬಣ್ಣ. ಉಗುರಿನಿಂದ ಕೆರೆದಾಗ ಕೆಳಗೆ ಕಂದು ಕಲೆ ಕಾಣಿಸಿತು.

"ಸುಟ್ಟ ಸೋಪು. ಕೊಳವೇನ ಮೆತ್ತಗೆ ಮಾಡಿ ಪಿನ್ನಿನ ಜಾಗಕ್ಕೆ ಇಟ್ಟಿದ್ದಾರೆ. ಅಲ್ಲಾಡಿಸಿದಾಗ ತಡೀತು, ಅಡಿಯಿಂದ ಸುತ್ತಿಗೆ ಪೆಟ್ಟು ಬಿದ್ದಾಗ ಬಾಗಿತು. ಪೇಂಟರೋ ಮೆಕ್ಯಾನಿಕ್ಕೋ ಆಗಿದ್ರೆ ಇದನ್ನ ದಾರಿಯಲ್ಲೆಲ್ಲೋ ಎಸೀತಿದ್ರು. ಅಲ್ಯೂಮಿನಿಯಂ ಚೂರು ಆ ಡಬ್ಬ ಬಿಟ್ಟು ಬೇರೆಲ್ಲೂ ಬೀಳಬಾರದು ಅಂತ ಹದಿನೈದು ವರ್ಷ ಬೈಸಿಕೊಂಡ ಕೈ ಒಂದೇ. ಕೈ ತಾನಾಗೇ ಹಾಕಿಬಿಟ್ಟಿದೆ."

ಚಿಕ್ಕ ಮೇಸ್ತ್ರಿ ತನ್ನ ಕೈ ನೋಡಿಕೊಂಡ. "ಸಾಯ್ಲಿ ಅಂತ ಮಾಡಿದ್ದಲ್ಲ ಸಾರ್. ಅವರ ಕೈ ಮುರೀಲಿ ಅಂದ್ಕೊಂಡೆ. ಆ ಕೈಯೊಂದು ಹೋದ್ರೆ ಸಾಕಿತ್ತು."

"ಹಾಗಂತ ನಂಬಬಹುದಿತ್ತು, ಗಾಯ ಒಂದೇ ಇದ್ದಿದ್ರೆ" ಎಂದರು ಮಾವನವರು. "ಭಾರದಡಿ ಸಿಕ್ಕ ಕೊಳವೆ ಕಿತ್ರೆ ಬರಲ್ಲ. ಜಾಕಿ ತಂದು ಕಾರನ್ನ ಎತ್ತಬೇಕು. ಎಂಟಕ್ಕೆ ನೀನು ಎತ್ತಿದೆ. ಆಗ ಅವರು ಹೇಗಿದ್ರು?"

ಮಗಳು ಗಂಡನ ಮುಖವನ್ನೇ ನೋಡುತ್ತಿದ್ದಳು.

"ಉಸಿರಾಡ್ತಿದ್ರು" ಎಂದ ಅವನು ಕೊನೆಗೆ. "ಕಣ್ಣು ಬಿಟ್ರು. ನನ್ನ ಕೈಲಿ ಕೊಳವೆ ನೋಡಿದ್ರು. ಇದನ್ನೂ ನೆಟ್ಟಗೆ ಮಾಡೋಕೆ ಬರ್ಲಿಲ್ವಲ್ಲೋ ನಿಂಗೆ, ಅಂದ್ರು."

"ಆಮೇಲೆ?"

"ಇಳಿಸಿದೆ."

ಮಗಳು ಅಳಲಿಲ್ಲ. ಇನ್‌ಸ್ಪೆಕ್ಟರು ಅವನನ್ನು ಕರೆದೊಯ್ದ ಮೇಲೆ ಮಾವನವರ ಹತ್ತಿರ ಬಂದಳು. "ಅಪ್ಪ ಅಷ್ಟು ಬೆಳಿಗ್ಗೆ ಅಡೀಲಿ ಏನು ಬಡೀತಿದ್ರು? ತಾವು ಬಡಿದ ಪ್ರತಿ ಕಾರಿನಡೀಲೂ ಒತ್ತೋ ಮೀನಿನ ಗುರುತನ್ನ ಇಲ್ಲೂ ಒತ್ತಿದ್ದಾರೆ. ಪಕ್ಕದಲ್ಲಿ ನಮ್ಮನೆಯವರ ಗುರುತೂ ಒಂದು ಹಾಕ್ತಿದ್ರೇನೋ, ಅಲ್ವಾ?"

"ತಗಡು ಸಮ ಮಾಡ್ತಿದ್ರಮ್ಮ" ಎಂದರು ಮಾವನವರು. "ನೀವು ಕೇಳಿದ್ದು ಸಿಕ್ತು. ನಿಮ್ಮಪ್ಪ ಏನನ್ನೂ ಮರೆತಿರ್ಲಿಲ್ಲ."

ತಾನು ಬಂದು ಕದ ತಟ್ಟದಿದ್ದರೆ ಅವಳಿಗೆ ಗಂಡನಾದರೂ ಉಳಿಯುತ್ತಿದ್ದ. ಆ ಲೆಕ್ಕ ಅವಳಿಗೂ ಹೊಳೆದಿರಬೇಕು, ಖಾಲಿ ಡಬ್ಬದ ಪಕ್ಕ ಕುಸಿದು ಕೂತಳು.

ವಾಪಸು ಬರುವಾಗ ಕಾಂಪೌಂಡರ್‌ಗೆ ತಡೆಯಲಾಗಲಿಲ್ಲ. "ಮಾವ, ನಿಜವಾಗ್ಲೂ ಅಲ್ಲೇನಿತ್ತು?"

"ಮೀನಿನ ಪಕ್ಕ ಅರ್ಧ ಅಳಿಸಿದ ಒಂದು ನಕ್ಷತ್ರ. ಆ ಹುಡುಗ ಯಾವಾಗಲೋ ಕದ್ದು ತನ್ನ ಗುರುತು ಒತ್ತಿಕೊಂಡಿದ್ದ. ಮುದುಕ ಅದನ್ನ ಬಡಿದು ಅಳಿಸ್ತಿದ್ದ. ಆ ಪೆಟ್ಟಿಗೇ ಕಾರು ಬಿದ್ದದ್ದು."

ಗೇಟಿನ ಬಳಿ ಗಾಡಿ ಎಂದಿನಂತೆ ಗೋಡೆಗೆ ಸವರಿತು. ಕಾಂಪೌಂಡರ್ ಕೊಂಕು ಕೇಳಲು ಕಿವಿ ಗಟ್ಟಿಮಾಡಿಕೊಂಡ.

"ಚೆನ್ನಾಗೇ ಓಡಿಸ್ತೀರಿ, ಅಳಿಯಂದ್ರೇ" ಎಂದರು ಮಾವನವರು.

ಹನ್ನೊಂದು ವರ್ಷದಲ್ಲಿ ಅವರು ಹೊಗಳಿದ್ದು ಅದೇ ಮೊದಲು. ಕಾಂಪೌಂಡರ್ ಪಕ್ಕಕ್ಕೆ ತಿರುಗಿದ. ಮಾವನವರು ನೋಡುತ್ತಿದ್ದದ್ದು ಅವನ ಕೈಗಳನ್ನು.