ಮೂರು ಸಾವಿರದ ಇನ್ನೂರರ ಕೆಮ್ಮು

ಮಂಗಳವಾರ ಬೆಳಿಗ್ಗೆ ತನ್ನ ಕೆಲಸದ ಕೋಣೆಯ ಬೀಗ ತೆಗೆಯಲು ಹೋದ ಚಿಪ್ಪಮ್ಮನಿಗೆ ಕಂಡದ್ದು ಮುರಿದ ಬೀಗ. ಒಳಗೆ ಕಾಗದ, ವೈರು, ತಿರುಪು ಎಲ್ಲ ಚೆಲ್ಲಾಪಿಲ್ಲಿ. ಕಂಪ್ಯೂಟರಿನ ಡಿಸ್ಕ್ ಮಾಯ. ಸೂಕ್ಷ್ಮದರ್ಶಕದ ಕೆಳಗಿದ್ದ, ಉಗುರಿಗಿಂತ ಚಿಕ್ಕ ಚಿಪ್ ಕೂಡ ಮಾಯ. ನಾಲ್ಕು ವರ್ಷದ ಕೆಲಸ ನೀರುಪಾಲು.

ಚಿಪ್ಪಮ್ಮ ಎಂಬುದು ಅವಳ ಅಣ್ಣನ ಗ್ಯಾರೇಜಿನವರು ಇಟ್ಟ ಹೆಸರು. ಹಳೇ ಜಪಾನಿ ಕಾರುಗಳಲ್ಲಿ, ಎಂಜಿನ್‌ಗೆ ಯಾವಾಗ ಎಷ್ಟು ಪೆಟ್ರೋಲ್ ಎಂದು ಹೇಳುವ ಪುಟ್ಟ ಕಂಪ್ಯೂಟರ್ ಇರುತ್ತದೆ. ಅದರ ಚಿಪ್ ಈಗ ಯಾರೂ ಮಾಡುವುದಿಲ್ಲ. ಕೆಟ್ಟರೆ ಕಾರು ಗುಜರಿಗೆ. ಇವಳು ಚಿಪ್ಪಿನ ಹೊದಿಕೆಯನ್ನು ಆಸಿಡ್‌ನಲ್ಲಿ ಕರಗಿಸಿ, ಫೋಟೊ ತೆಗೆದು, ಒಳಗಿನ ಮೂವತ್ತೆರಡು ಸಾವಿರ ಜಾಗಗಳನ್ನು ಕಣ್ಣಲ್ಲೇ ಓದಿದ್ದಳು. ಚುಕ್ಕೆ ಇದೆ, ಚುಕ್ಕೆ ಇಲ್ಲ. ಅಷ್ಟೇ ಅದರ ಭಾಷೆ. ತಿಂಗಳ ಕೊನೆಗೆ ಹಾಗೆ ಓದಿದ್ದನ್ನೆಲ್ಲ ಎಲ್ಲರಿಗೂ ಪುಕ್ಕಟೆ ಕೊಡುವವಳಿದ್ದಳು.

"ಇನ್ನೊಂದು ಪ್ರತಿ?" ಇನ್ಸ್‌ಪೆಕ್ಟರು ಕೇಳಿದರು.

"ಇದೇ ಡ್ರಾಯರಲ್ಲಿತ್ತು ಸಾರ್, ಅದೂ ಹೋಯ್ತು."

ಅಯ್ಯೋ ಜಾಣೆ! ಇನ್ಸ್‌ಪೆಕ್ಟರ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಆಸಿಡ್ ಬಾಟಲಿ ಮಾತ್ರ ನೆಟ್ಟಗೆ ನಿಂತಿತ್ತು, ಮುಚ್ಚಳ ಬಿಗಿಯಾಗಿತ್ತು.

"ಇದು ಇಲ್ಲೇ ಇರುತ್ತಾ?"

"ಇಲ್ಲ ಸಾರ್, ಮೇಜಿನ ಮೇಲಿತ್ತು."

* * *

ಶುಕ್ರವಾರ ಬಿಡಿಭಾಗಗಳ ವ್ಯಾಪಾರಿಯೊಬ್ಬ ಅದೇ ಕಾರಿನ ಹೊಸ ಚಿಪ್ ಮಾರತೊಡಗಿದ.

"ನನ್ನದೇ ಚಿಪ್ಪಿಂದ ನಾನೇ ಓದಿಸಿದ್ದು ಸಾರ್," ಎಂದ. ಕಳ್ಳತನದ ರಾತ್ರಿ ಅವನು ಮದುವೆಮನೆಯಲ್ಲಿದ್ದ. ಸಾಕ್ಷಿಗೆ ಇಡೀ ಬೀಗರ ಬಳಗ.

ಇನ್ಸ್‌ಪೆಕ್ಟರು ಒಂದು ಚಿಪ್ ವಶಪಡಿಸಿಕೊಂಡು, ಚಿಪ್ಪಮ್ಮನ ಕಾರಿಗೆ ಹಾಕಿಸಿ, ಅವಳನ್ನು ಕೂರಿಸಿಕೊಂಡು ಹೊರಟರು. ಎಂಜಿನ್ ವೇಗದ ಮುಳ್ಳು ಮೂರು ಸಾವಿರದ ಇನ್ನೂರು ಮುಟ್ಟಿತು. ಕಾರು ಖೊಕ್ ಎಂದು ಕೆಮ್ಮಿತು. ಮತ್ತೆ ಮುಟ್ಟಿತು, ಮತ್ತೆ ಕೆಮ್ಮಿತು.

"ನಂದೇ ಸಾರ್!" ಚಿಪ್ಪಮ್ಮ ಕೂಗಿಯೇಬಿಟ್ಟಳು. "ಇದು ನಂದೇ ತಪ್ಪು! ಫೋಟೊ ತೆಗೆಯುವಾಗ ಧೂಳಿನ ಕಣ ಕೂತಿತ್ತು. ಚುಕ್ಕೆ ಅಂದ್ಕೊಂಡು ಓದಿಬಿಟ್ಟೆ. ಅವನ ಚಿಪ್ ಮೇಲೂ ಅದೇ ಜಾಗದಲ್ಲಿ ಧೂಳು ಕೂತಿತ್ತಾ?"

ವ್ಯಾಪಾರಿ ಕೊಂಡದ್ದು ಕಳ್ಳಮಾಲು, ಸರಿ. ಕದ್ದವರು ಯಾರು?

"ತಪ್ಪು ಗೊತ್ತಾಗಿದ್ದು ಯಾವಾಗ?"

"ಸೋಮವಾರ ಸಂಜೆ, ಕಾರು ಓಡಿಸಿದಾಗ. ಕೂಡಲೇ ಎಲ್ಲಾ ಪ್ರತಿ ತಿದ್ದಿಟ್ಟೆ. ನಾಚಿಕೆ ಆಗಿ ಯಾರಿಗೂ ಹೇಳ್ಲಿಲ್ಲ."

ಇನ್ಸ್‌ಪೆಕ್ಟರು ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು.

"ಬೀಗ ಒಡೆದದ್ದು ಅದಾದ ಮೇಲೆ. ಅಷ್ಟೊತ್ತಿಗೆ ಅಲ್ಲಿದ್ದದ್ದೆಲ್ಲ ತಿದ್ದಿದ್ದು. ವ್ಯಾಪಾರಿ ಹತ್ರ ಇರೋದು ತಿದ್ದದೇ ಇರೋದು. ಅಂದ್ರೆ ಮಾಲು ಮೊದಲೇ ಹೋಗಿತ್ತು. ಬೀಗ ಒಡೆದದ್ದು ನಿಮ್ಮ ಹತ್ರ ಏನೂ ಉಳೀಬಾರದು ಅಂತ. ಅದಕ್ಕೆ ಮುಂಚೆ ಯಾರ ಕೈಗೆ ಕೊಟ್ಟಿದ್ರಿ?"

ಅವಳ ಮುಖ ಬಿಳುಚಿತು.

"ಅಣ್ಣನ ಕೈಗೆ, ಹೋದ ವಾರ. ಒಂದು ಪ್ರತಿ ಚಿಪ್ಪಿಗೆ ತುಂಬಿ ಕೊಟ್ಟಿದ್ದೆ. ಎಂಜಿನ್ ಸ್ಟಾರ್ಟ್ ಆಗುತ್ತಾ ನೋಡು ಅಂತ. ಎರಡು ದಿನ ಇಟ್ಕೊಂಡಿದ್ದ."

"ಓಡಿಸಿ ನೋಡಲಿಲ್ವಾ?"

"ಅವನಿಗೆ ಪುರುಸೊತ್ತೆಲ್ಲಿ ಸಾರ್?"

* * *

ಅಣ್ಣ ಕಾರಿನ ಬಾನೆಟ್‌ನಿಂದ ತಲೆ ಎತ್ತಲಿಲ್ಲ. "ಯಾರೋ ಹೊರಗಿನವರ ಕೆಲಸ ಸಾರ್."

"ಹೊರಗಿನವನು ಎಲ್ಲಾ ಚೆಲ್ಲಾಡಿ, ಆಸಿಡ್ ಬಾಟಲಿ ಮಾತ್ರ ಮುಚ್ಚಳ ಬಿಗಿದು ಮೂಲೆಗಿಡ್ತಾನಾ?"

ಸ್ಪ್ಯಾನರ್ ನಿಂತಿತು. ಅಣ್ಣ ಅಲ್ಲೇ ಟೈರಿನ ಮೇಲೆ ಕುಸಿದು ಕೂತ.

"ಬೆಳಿಗ್ಗೆ ಬರಿಗಾಲಲ್ಲೇ ಒಳಗೆ ಬರ್ತಾಳೆ ಸಾರ್. ಅದು ಚೆಲ್ಲಿದ್ರೆ ಇವಳ ಕಾಲಿನ ಗತಿ ಏನು?"

"ಯಾಕಣ್ಣಾ?" ಎಂದಳು ತಂಗಿ.

"ನಾಲ್ಕು ವರ್ಷ ಕೋಣೆ ಕೊಟ್ಟೆ, ಕಾರು ಕೊಟ್ಟೆ. ನೀನು ಊರಿಗೆಲ್ಲ ಪುಕ್ಕಟೆ ಹಂಚ್ತೀನಿ ಅಂದೆ. ನನ್ನನ್ನ ಒಂದು ಮಾತು ಕೇಳಿದ್ಯಾ?"

"ಡಿಸ್ಕು? ಚಿಪ್ಪು?"

"ಸುತ್ತಿಗೆಯಲ್ಲಿ ಪುಡಿ ಮಾಡ್ದೆ."



* * *

ಸ್ಟೇಷನ್ನಿನ ಮೇಜಿನ ಮೇಲೆ ವ್ಯಾಪಾರಿಯ ಚಿಪ್ ಇತ್ತು. ಚಿಪ್ಪಮ್ಮ ಅದನ್ನೇ ನೋಡುತ್ತ ಕೂತಿದ್ದಳು. ಇದ್ದಕ್ಕಿದ್ದಂತೆ ಎದ್ದು ನಿಂತಳು.

"ಸಾರ್, ಇದರಲ್ಲಿ ಎಲ್ಲಾ ಇದೆ! ನಾಲ್ಕು ವರ್ಷವೂ ಇದೆ. ಒಂದು ಚುಕ್ಕೆ ಹೆಚ್ಚಿದೆ, ಅಷ್ಟೇ!"

ಇನ್ಸ್‌ಪೆಕ್ಟರ ಎದುರಿಗೇ ಅದನ್ನು ಓದಿ ನಕಲು ಮಾಡಿಕೊಂಡಳು. ಧೂಳಿನ ಜಾಗ ಅವಳಿಗೆ ಬಾಯಿಪಾಠ. ಆ ಒಂದು ಚುಕ್ಕೆ ಅಳಿಸಿದಳು.

"ಎಲ್ಲಾ ವಾಪಸ್ ಬಂತಾ ತಾಯಿ?"

"ಬಂತು ಸಾರ್." ಅವಳು ಕಣ್ಣೊರೆಸಿಕೊಂಡು ಒಳಗಿನ ಲಾಕಪ್ಪಿನ ಕಡೆ ನೋಡಿದಳು. "ಅಣ್ಣನಿಗೆ ಊಟ ಕೊಟ್ರಾ?"