ಮಸಿ ಅಳಿಸಿದ ಬದಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಬಡಗಿ. ಒಬ್ಬರು ತೀರಿಹೋದ ಅಣ್ಣನ ಬಂದೂಕು ಹಿಡಿದು ಬಂದರು. ಗುರಿಯಿಡುವಾಗ ಕೆನ್ನೆ ಊರಲು ಮರದ ಆಸರೆ ಬೇಕಿತ್ತಂತೆ. ಅಷ್ಟು ಹಳೆಯದಕ್ಕೆ ಹೊಂದುವಂಥದ್ದು ಎಲ್ಲೂ ಸಿಗುವುದಿಲ್ಲ.

ಬಂದೂಕಿನ ಹಿಡಿಯ ಮೇಲೆ ಮರ ಕೂರಿಸಿ, ಮಸಿ ಬಳಿದು, ಕೆನ್ನೆ ಒತ್ತಿಸುತ್ತೇನೆ. ಮಸಿ ಅಳಿಸಿದಲ್ಲಿ ಕೆತ್ತುತ್ತೇನೆ. ಅವರು ಬಲಗೆನ್ನೆ ಒತ್ತಿದರು. ಮಸಿ ಎರಡೂ ಬದಿ ಅಳಿಸಿತ್ತು. ಮತ್ತೆ ಬಳಿದೆ, ಮತ್ತೆ ಹಾಗೇ. ಎಡಗೈಯವರ ಕೆನ್ನೆ ಊರುವ ಆಚೆ ಬದಿ ಮುಟ್ಟಿದರೆ ಬೆಚ್ಚಗಿತ್ತು.

“ನಿಮ್ಮಣ್ಣ ಎಡಗೈಯವರಾ?”

“ಹೌದು. ನಿಮಗ್ಯಾರು ಹೇಳಿದ್ರು?”

ಅವರ ಬದಿಯಷ್ಟೇ ಕೆತ್ತಿ ಕಳಿಸಿದೆ.

ಮರುದಿನ ಬೆಳಿಗ್ಗೆಯೇ ವಾಪಸು ಬಂದರು. “ಮೇಸ್ತ್ರಿ, ಆಚೆ ಬದಿ ಯಾಕೆ ಕೆತ್ತಿದ್ರಿ? ನಂಗೇನು ಎರಡು ಮುಖಾನಾ?”

ಆ ಬದಿಗೆ ನಾನು ಉಳಿ ಮುಟ್ಟಿಸಿಯೇ ಇರಲಿಲ್ಲ. ಅಲ್ಲಿ ಕೆನ್ನೆಯಗಲದ ತಗ್ಗು ಬಿದ್ದಿತ್ತು. ಬೆರಳಿಟ್ಟು ನೋಡಿದೆ.

ಇನ್ನೂ ಬೆಚ್ಚಗಿತ್ತು.